ಯಾರೂ ತಿನ್ನಲಾಗದ ಮೊಲ

ಮದೀನತ್ ಖಲೀಫಾ

ನಾವು ಕತಾರಿಗೆ ಹೊರಡುವ ವಾರ ತಮ್ಮ ವಲ್ಲಿ ದೋಹಾದಿಂದ ಫೋನು ಮಾಡಿದ. "ಅಕ್ಕಾ, ಸ್ವೆಟರ್ ಮರೆತರೂ ತೊಂದರೆ ಇಲ್ಲ. ಆದರೆ ಪಪ್ಪನಿಗೆ ಸರಿಯಾಗಿ ಹೇಳಿ ಕರ್ಕೊಂಡು ಬಾ. ಇಲ್ಲಿ ಯಾರ ಎದುರೂ ಹಂದಿಯ ಸುದ್ದಿ ತೆಗೀಲಿಕ್ಕಿಲ್ಲ" ಎಂದ.

ಹೇಳುವುದು ಸುಲಭ. ನಮ್ಮ ಪಪ್ಪನಿಂದ ಹಂದಿಯನ್ನು ಕಳೆದರೆ ಉಳಿಯುವುದು ಒಂದು ಮಫ್ಲರು, ಒಂದು ಜಪಸರ. ಸುಳ್ಯದ ಆಚೆ ಘಟ್ಟದ ಬುಡದಲ್ಲಿ ನಮ್ಮ ಮನೆ. ಮರಗೆಣಸು ನೆಟ್ಟರೆ ಅರ್ಧ ನಮಗೆ, ಅರ್ಧ ಕಾಡುಹಂದಿಗೆ ಎಂದು ಲೆಕ್ಕ. ಬೆಳೆ ಕಾಯಲಿಕ್ಕೆಂದು ಪಪ್ಪನ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಗಂಡಸರು ನಾಯಿಗಳನ್ನು ಕಟ್ಟಿಕೊಂಡು ಹೊರಟರೆ ಸಂಜೆಗೆ ಊರಿಗೆಲ್ಲ ಬಫಾತಿನ ಘಮ. ಆ ಮಸಾಲೆಯಲ್ಲಿ ಬೆಂದ ಹಂದಿಯ ತುಂಡಿನ ಜೊತೆ ಸಣ್ಣ ಎಂಬ ಮೆತ್ತನೆಯ ಅಕ್ಕಿ ಕಡುಬು ಇದ್ದರೆ ಪಪ್ಪನಿಗೆ ಪರಲೋಕದ ಆಸೆಯೂ ಇರುತ್ತಿರಲಿಲ್ಲ. ಆಮೇಲೆ ಕಾನೂನು ಬಿಗಿಯಾಯಿತು, ಕೋವಿ ಠಾಣೆಗೆ ಹೋಯಿತು, ಪಪ್ಪನಿಗೆ ವಯಸ್ಸಾಯಿತು. ಕತೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕೊಬ್ಬುತ್ತ ಹೋದವು. ಮೊದಲು ಕರುವಿನಷ್ಟಿದ್ದ ಹಂದಿ ನಾನು ಪುತ್ತೂರಿನ ಬ್ಯಾಂಕಿಗೆ ಸೇರುವ ಹೊತ್ತಿಗೆ ಕೋಣದಷ್ಟಾಗಿತ್ತು.

ಅಮ್ಮ ಕಾಲುನೋವೆಂದು ಬರಲಿಲ್ಲ. ಬದಲಿಗೆ ಮಗನಿಗೆಂದು ಹಂದಿ ಮಾಂಸದ ಉಪ್ಪಿನಕಾಯಿಯ ಭರಣಿಯನ್ನು ಪಪ್ಪನ ಪಂಚೆಗಳ ನಡುವೆ ಇಟ್ಟಿದ್ದಳು. ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿ ಇಳಿದಾಗ ಅದು ನನ್ನ ಕಣ್ಣಿಗೆ ಬಿತ್ತು. ಭರಣಿಯನ್ನು ಅತ್ತೆಯ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡು ಹೊರಟೆ. ವಿಮಾನ ಇಳಿಯುವವರೆಗೂ ಪಪ್ಪ ನನ್ನ ಹತ್ತಿರ ಮಾತಾಡಲಿಲ್ಲ.

ದೋಹಾದಲ್ಲಿ ವಲ್ಲಿಯ ಮನೆ ಮದೀನತ್ ಖಲೀಫಾದಲ್ಲಿ. ಮನೆಯೆಂದರೆ ದೊಡ್ಡ ವಿಲ್ಲಾದ ಬೆನ್ನಿಗೆ ಅಂಟಿಸಿದ ಎರಡು ಕೋಣೆ. ಅವನ ಹೆಂಡತಿ ಜೆಸಿಂತಾ ನರ್ಸು. ಅವಳು ಡ್ಯೂಟಿಗೆ ಹೋಗುವಾಗ ಇವನು ಬರುತ್ತಾನೆ, ಇವನು ಹೋಗುವಾಗ ಅವಳು ಬರುತ್ತಾಳೆ. ಗಂಡಹೆಂಡತಿ ಬಾಗಿಲಲ್ಲೇ ಸಂಸಾರ ಮಾಡುವುದನ್ನು ನೋಡಿ ನನಗೆ ನಗುವೂ ಬಂತು, ಪಾಪವೂ ಎನಿಸಿತು. ಅಲ್ಲಿ ರಜೆ ಶುಕ್ರವಾರ. ಹಾಗಾಗಿ ನಮ್ಮವರ ಭಾನುವಾರದ ಪೂಜೆಯೂ ಶುಕ್ರವಾರವೇ. ಇಗರ್ಜಿ ಕಟ್ಟಲು ಅಲ್ಲಿ ಆಗಿನ್ನೂ ಅನುಮತಿ ಇರಲಿಲ್ಲ. ಯಾರದೋ ಮನೆಯ ಹಜಾರದಲ್ಲಿ, ಚಪ್ಪಲಿಗಳನ್ನೆಲ್ಲ ಒಳಗೆ ತಂದಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ಊರಿನ ಇಗರ್ಜಿಯಲ್ಲಿ ಕಿಟಕಿ ಅಲ್ಲಾಡುವಂತೆ ಹಾಡುವ ಪಪ್ಪ ಅಲ್ಲಿ ತುಟಿ ಮಾತ್ರ ಆಡಿಸಿದರು.

ಒಂದು ವಾರ ಕಿಟಕಿಯ ಬಳಿ ಕುಳಿತು ವೃತ್ತ ಸುತ್ತುವ ಕಾರುಗಳನ್ನು ನೋಡಿದರು. ಆಮೇಲೆ ತಡೆಯಲಾರದೆ ಕೇಳಿದರು: "ಅಲ್ಲ ವಲ್ಲಿ, ಈ ದೇಶದಲ್ಲಿ ಕಾರು ಬಿಟ್ಟು ಬೇರೆ ಎಂತದ್ದಾದರೂ ಓಡ್ತದಾ?"

ವಲ್ಲಿ ಈ ಮಾತನ್ನು ತಮಾಷೆಗೆಂದು ಆಫೀಸಿನಲ್ಲಿ ಹೇಳಿದ. ಅವನ ಸಾಹೇಬ ಮುಬಾರಕ್ ಕತಾರಿನವನೇ. ನಲವತ್ತರ ಆಸುಪಾಸಿನ, ನಗುವಾಗ ಹೊಟ್ಟೆ ಹಿಡಿದುಕೊಳ್ಳುವ ಮನುಷ್ಯ. ಅವನು ಈ ಸಲ ಮಾತ್ರ ನಗಲಿಲ್ಲವಂತೆ. "ನಿನ್ನ ತಂದೆ ಬೇಟೆಗಾರರಾ? ಹಾಗಾದರೆ ಗುರುವಾರ ನಮ್ಮ ಗುಡಾರಕ್ಕೆ ಕರೆದು ತಾ. ನನ್ನ ತಂದೆಗೆ ಒಬ್ಬರು ಜೊತೆ ಬೇಕು" ಎಂದನಂತೆ. ಸಾಹೇಬನ ಮಾತು, ಇಲ್ಲ ಎನ್ನುವಂತಿಲ್ಲ. ವಲ್ಲಿ ಆ ರಾತ್ರಿ ಪಪ್ಪನ ಎದುರು ಕೈಮುಗಿದು ನಿಂತ. "ಪಪ್ಪಾ, ಜಿಂಕೆ ಹೇಳಿ, ಹುಲಿ ಬೇಕಾದ್ರೂ ಹೇಳಿ. ಅದೊಂದನ್ನು ಹೇಳ್ಬೇಡಿ."

ಪಪ್ಪ ಮುಖ ಗಂಟಿಕ್ಕಿಕೊಂಡು, "ನಾನೆಂತ ಮಗುವಾ?" ಎಂದರು.

ಉತ್ತರದ ದಾರಿ

ಜೆಸಿಂತಾಳಿಗೆ ಡ್ಯೂಟಿ ಇದ್ದದ್ದರಿಂದ ನಾವು ಮೂವರೇ ಹೊರಟೆವು. ಅಲ್ ಶಮಾಲಿನ ಕಡೆಗೆ ಹೋಗುವ ರಸ್ತೆಯಲ್ಲಿ ನೋಡಲಿಕ್ಕೆ ಏನೂ ಇಲ್ಲ ಎಂದು ವಲ್ಲಿ ಮೊದಲೇ ಹೇಳಿದ್ದ. ಸುಳ್ಳೇನಲ್ಲ. ಮರಳು ಎಂದರೆ ನಾನು ಪಣಂಬೂರಿನ ಕಡಲದಂಡೆಯನ್ನು ನೆನೆದಿದ್ದೆ. ಇದು ಬೂದುಬಣ್ಣದ ಗಟ್ಟಿ ನೆಲ, ಅದರ ಮೇಲೆ ಚೆಲ್ಲಿದ ಚೂಪುಗಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳಿನ ಕುರುಚಲು. ಪಪ್ಪನಿಗೆ ಮಾತ್ರ ರಸ್ತೆ ಬಿಟ್ಟು ಗಾಡಿ ನೆಲಕ್ಕಿಳಿದದ್ದೇ ಜೀವ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರುಚಲಿನ ಬುಡಗಳನ್ನೇ ನೋಡತೊಡಗಿದರು. "ಇಲ್ಲಿ ಮೊಲ ಉಂಟು" ಎಂದರು. ಹೇಗೆ ಗೊತ್ತೆಂದು ಕೇಳಿದೆ. "ನಾನು ಮೊಲ ಆಗಿದ್ದರೆ ಇಲ್ಲೇ ಇರ್ತಿದ್ದೆ."

ಚಳಿಗಾಲದಲ್ಲಿ ಬಯಲಿಗೆ ಬಂದು ಗುಡಾರ ಹಾಕಿ ಇರುವುದು ಅಲ್ಲಿಯವರ ರೂಢಿ. ಗುಡಾರವೆಂದರೆ ಒಂದಲ್ಲ, ಸಾಲಾಗಿ ಹಲವು. ಒಳಗೆ ಕೆಂಪು ಕಂಬಳಿ, ಒರಗು ದಿಂಬು, ಜನರೇಟರು, ಟೀವಿ ಕೂಡ. ಗಂಡಸರದ್ದು ಒಂದು ಬದಿ, ಹೆಂಗಸರದ್ದು ಇನ್ನೊಂದು ಬದಿ, ನಡುವೆ ಅಡುಗೆಯದ್ದು. ಅಡುಗೆಯ ಗುಡಾರದಿಂದ ಕೈ ಒರೆಸಿಕೊಳ್ಳುತ್ತ ಬಂದವನು ನಮ್ಮ ಮಾತು ಕೇಳಿ ಅಲ್ಲೇ ನಿಂತ. "ಎಂತ, ನೀವು ಊರಿನವರಾ?" ಉಳ್ಳಾಲದ ಬ್ಯಾರಿ, ಹಸನಬ್ಬ. ಮುಬಾರಕನ ಮನೆಯಲ್ಲಿ ಬಹಳ ಕಾಲದಿಂದ ಅಡುಗೆಯವನು. ಪರದೇಶದ ಬಯಲಲ್ಲಿ ಊರಿನ ಮಾತು ಕೇಳಿದ ಸಂತೋಷಕ್ಕೆ ಪಪ್ಪ ಅವನನ್ನು ತಬ್ಬಿಕೊಂಡೇ ಬಿಟ್ಟರು.

ಮುಬಾರಕನ ತಂದೆ ಬೆಂಕಿಯ ಬಳಿ ಕುಳಿತಿದ್ದರು. ಅಲ್ಲಿ ಹಿರಿಯ ಮಗನ ಹೆಸರಿನಿಂದ ತಂದೆಯನ್ನು ಕರೆಯುವ ರೂಢಿ. ಹಾಗಾಗಿ ಅವರು ಎಲ್ಲರಿಗೂ ಅಬು ಮುಬಾರಕ್, ಎಂದರೆ ಮುಬಾರಕನ ಅಪ್ಪ. ಒಣಗಿದ ಸಣಕಲು ದೇಹ, ನರೆತ ಗಡ್ಡ. ತೊಡೆಯ ಮೇಲೆ ಉದ್ದ ಮೂತಿಯ ತೆಳ್ಳಗಿನ ನಾಯಿಯೊಂದು ತಲೆಯಿಟ್ಟು ಮಲಗಿತ್ತು. ಸಲೂಕಿ ಜಾತಿಯದು, ಹೆಸರು ಬರ್ಕ್. ಮಿಂಚು ಎಂದು ಅರ್ಥವಂತೆ. ಅದರ ಪಕ್ಕೆಲುಬುಗಳನ್ನು ನೋಡಿ ಪಪ್ಪ ನನ್ನ ಕಿವಿಯಲ್ಲಿ, "ಇವರು ನಾಯಿಗೂ ಹಾಕುವುದಿಲ್ಲ, ತಾವೂ ತಿನ್ನುವುದಿಲ್ಲ ಅಂತ ಕಾಣ್ತದೆ" ಎಂದರು. ನಾಯಿಯ ಮಟ್ಟಿಗೆ ಅದು ಸರಿಯಲ್ಲ, ಆ ಜಾತಿಯ ಮೈಕಟ್ಟೇ ಹಾಗೆ. ಮುದುಕರ ಮಟ್ಟಿಗೆ ಅದು ನಿಜವೆಂದು ನನಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು.

ಹೆಂಗಸರ ಬದಿ

ಮುಬಾರಕನ ಹೆಂಡತಿ ನೂರಾ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ನನ್ನ ವಯಸ್ಸಿನವಳೇ. ಹಿಂದಿ ಸಿನಿಮಾ ನೋಡಿ ನೋಡಿ ಕಲಿತ ಹಿಂದಿಯನ್ನೂ ನಡುವೆ ಸೇರಿಸುತ್ತಿದ್ದಳು. "ನೀನು ಮದುವೆಯಾಗಿಲ್ಲವಾ? ಯಾಕೆ?" ಎಂದು ಮೊದಲ ಪ್ರಶ್ನೆಯಲ್ಲೇ ಕೇಳಿದಾಗ ನನಗೆ ನಮ್ಮೂರಿನ ಬಸ್ಸಿನಲ್ಲಿ ಕುಳಿತಂತೆಯೇ ಆಯಿತು.

ಊಟದ ಹೊತ್ತಿಗೆ ಗಂಡಸರ ಬದಿಯಿಂದ ದೊಡ್ಡ ಹರಿವಾಣ ತಿರುಗಿ ಬಂದಾಗ ಅವಳು ಅದರ ಒಂದು ಅಂಚನ್ನೇ ನೋಡಿದಳು. ಹರಿವಾಣದ ಸುತ್ತ ಕುಳಿತು ಎಲ್ಲರೂ ತಮ್ಮ ತಮ್ಮ ಎದುರಿನದ್ದನ್ನು ತಿನ್ನುವುದು ಅಲ್ಲಿಯ ರೀತಿ. ಮೂರು ಕಡೆ ಅನ್ನ ಕರಗಿ ಹಳ್ಳ ಬಿದ್ದಿತ್ತು. ಒಂದು ಕಡೆ ಮಾತ್ರ ಕೈ ಮುಟ್ಟಿದ ಗುರುತೂ ಇರಲಿಲ್ಲ, ಕುರಿಯ ತುಂಡು ಇಟ್ಟಲ್ಲೇ ಇತ್ತು.

"ಮಾವನದು" ಎಂದಳು ನೂರಾ. ಅತ್ತೆ ಬೇಸಿಗೆಯಲ್ಲಿ ತೀರಿಕೊಂಡರಂತೆ. ಅಂದಿನಿಂದ ಮಾವ ಖರ್ಜೂರ, ಕಾಫಿ, ಒಂದು ಚೂರು ರೊಟ್ಟಿ ಬಿಟ್ಟು ಬೇರೇನೂ ಮುಟ್ಟಿಲ್ಲ. ಡಾಕ್ಟರು ಬೈದರು, ಮಗ ಅತ್ತ. ಚಳಿಗಾಲ ಶುರುವಾದಾಗ ಒಮ್ಮೆ ತಾವಾಗಿ ಬಾಯಿ ಬಿಟ್ಟು, "ಬರ್ಕ್ ಹಿಡಿದ ಮೊಲ ಆದರೆ ತಿಂದೇನು" ಎಂದರಂತೆ. ಆ ನಾಯಿಯನ್ನು ಮರಿಯಿಂದ ಕೈತುತ್ತು ಹಾಕಿ ಸಾಕಿದ್ದು ಅತ್ತೆಯೇ. ಅದು ತಂದ ಮೊಲವನ್ನು ಬೇಯಿಸುತ್ತಿದ್ದದ್ದೂ ಅವರೇ. "ಇಡೀ ಚಳಿಗಾಲ ಹುಡುಕಿದ್ದೇವೆ, ಒಂದೂ ಸಿಕ್ಕಲಿಲ್ಲ. ಶನಿವಾರ ಮಧ್ಯಾಹ್ನ ಲಾರಿ ಬಂದು ಗುಡಾರ ಒಯ್ಯುತ್ತದೆ. ಆಮೇಲೆ ಮುಂದಿನ ಚಳಿಗಾಲ" ಎಂದಳು. ಅಷ್ಟರವರೆಗೆ ಅವರು ಇರುತ್ತಾರೋ ಇಲ್ಲವೋ.

ಅಷ್ಟರಲ್ಲಿ ಗಂಡಸರ ಬದಿಯಿಂದ ಗುರ್ ಗುರ್ ಎಂಬ ಸದ್ದು ಕೇಳಿತು. ಆ ಸದ್ದು ಹುಟ್ಟಿದಾಗಿನಿಂದ ನನಗೆ ಗೊತ್ತು.

ನಡೆದದ್ದನ್ನು ವಲ್ಲಿ ಆಮೇಲೆ ತಲೆ ಮೇಲೆ ಕೈ ಹೊತ್ತು ಹೇಳಿದ. ನಿಮ್ಮ ದೇಶದಲ್ಲಿ ಏನನ್ನು ಬೇಟೆಯಾಡುತ್ತಿದ್ದಿರಿ ಎಂದು ಅಬು ಮುಬಾರಕ್ ಕೇಳಿದರು. ವಲ್ಲಿ ಅದನ್ನು ಪಪ್ಪನಿಗೆ ಹೇಳಿ, ಪಪ್ಪನ ಉತ್ತರಕ್ಕೂ ಕಾಯದೆ ತಾನೇ ಅರಬ್ಬಿಯಲ್ಲಿ ಜಿಂಕೆ ಎಂದ. ಜಿಂಕೆಗೆ ಹೇಗೆ ಹೊಂಚು ಹಾಕುತ್ತಿದ್ದಿರಿ ಎಂದು ಮುದುಕರು ಮತ್ತೆ ಕೇಳಿದರು. ಪಪ್ಪನಿಗೆ ಸುಳ್ಳು ಬೇಟೆ ಹೇಳಿ ಅಭ್ಯಾಸವಿಲ್ಲ, ನಿಜವಾದ ಬೇಟೆಯನ್ನು ದೊಡ್ಡದು ಮಾಡಿ ಹೇಳಿ ಮಾತ್ರ ಅಭ್ಯಾಸ. ಎದ್ದು ನಿಂತು ಎರಡು ತೋರುಬೆರಳುಗಳನ್ನು ಬಾಯಿಯ ಎರಡು ಬದಿಗೆ ಕೋರೆಯಂತೆ ಹಿಡಿದು, ಗುರುಗುಟ್ಟುತ್ತ, ಬೆಂಕಿಯ ಸುತ್ತ ನುಗ್ಗಿದರು.

"ಖಂಜೀರ್!" ಎಂದರು ಅಬು ಮುಬಾರಕ್. ಅರಬ್ಬಿಯಲ್ಲಿ ಹಂದಿ.

ವಲ್ಲಿ ತನ್ನ ಕೆಲಸ ಖಲಾಸ್ ಎಂದುಕೊಂಡನಂತೆ. ಮುದುಕರು ಮುಂದೆ ಬಾಗಿ, ಅದು ಎದುರು ನುಗ್ಗುತ್ತದೆಯೇ ಎಂದು ಕೇಳಿದರು. ನುಗ್ಗುತ್ತದೆ ಎಂದು ಪಪ್ಪ ಪಂಚೆ ಎತ್ತಿ ತೊಡೆಯ ಮೇಲಿನ ಹಳೇ ಗಾಯದ ಕಲೆ ತೋರಿಸಿದರು. ತಿಂದಿರಾ ಎಂಬ ಪ್ರಶ್ನೆ ಬಂತು. ಪಪ್ಪ ಹೊಟ್ಟೆ ಸವರಿಕೊಂಡು ಕಣ್ಣು ಮುಚ್ಚಿದರು. ಮುದುಕರು "ಅಸ್ತಗ್ಫಿರುಲ್ಲಾ" ಎಂದು ದೇವರ ಕ್ಷಮೆ ಕೇಳಿ, ಆಮೇಲೆ ನಗಲಿಕ್ಕೆ ಶುರು ಮಾಡಿದರು. ಗೊಗ್ಗರು ದನಿಯ ಆ ನಗು ನಮ್ಮ ಬದಿಗೂ ಕೇಳಿತು. ನೂರಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಬೇಸಿಗೆಯಿಂದ ಈಚೆಗೆ ಇದೇ ಮೊದಲು" ಎಂದಳು.

ಶುಕ್ರವಾರ

ಬೆಳಿಗ್ಗೆ ಎರಡು ಗಾಡಿಗಳಲ್ಲಿ ಹೊರಟೆವು. ಮುಂದಿನದರಲ್ಲಿ ಮುಬಾರಕ್, ಅವನ ತಂದೆ, ನಾಯಿ, ವಲ್ಲಿ, ಮಂಕಿಕ್ಯಾಪು ಹಾಕಿದ ಪಪ್ಪ. ಹಿಂದಿನ ಗಾಡಿಯನ್ನು ನೂರಾ ನಡೆಸಿದಳು. ದೋಹಾದಲ್ಲಿ ಸ್ಟೇರಿಂಗ್ ಮುಟ್ಟದವಳು ಇಲ್ಲಿ ಕಲ್ಲುಗುಂಡಿ ಎನ್ನದೆ ಹಾರಿಸುವುದನ್ನು ನೋಡಿ ನಾನು ಮೇಲಿನ ಹಿಡಿಕೆಗೆ ಜೋತುಬಿದ್ದೆ.

ಮೊಲ ಎದ್ದದ್ದು ನನಗೆ ಕಾಣಲಿಲ್ಲ. ಮುಂದಿನ ಗಾಡಿಯ ಕಿಟಕಿಯಿಂದ ಬರ್ಕ್ ಹಾರಿದ್ದು ಕಂಡಿತು. ನಮ್ಮೂರ ನಾಯಿಗಳು ಬೇಟೆಗೆ ಬೊಗಳುತ್ತ ಊರು ಎಬ್ಬಿಸಿ ಓಡುತ್ತವೆ. ಇದು ಬಾಯಿಯನ್ನೇ ತೆರೆಯದೆ ಓಡಿತು. ಮೊಲ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ದೂಳು ಇಳಿದಾಗ ನಾಯಿ ಅದನ್ನು ಮುಂಗಾಲಲ್ಲಿ ಒತ್ತಿ ಹಿಡಿದು ನಿಂತಿತ್ತು. ಮೊಲ ಇನ್ನೂ ಒದ್ದಾಡುತ್ತಿತ್ತು.

ಗಾಡಿ ನಿಲ್ಲುವ ಮೊದಲೇ ಪಪ್ಪ ಇಳಿದು ಓಡಿದರು. ನಮ್ಮ ಕಡೆಯ ಬೇಟೆಯಲ್ಲಿ ಒಂದು ಕಟ್ಟುನಿಟ್ಟು ಉಂಟು. ಬಿದ್ದ ಪ್ರಾಣಿ ನರಳುತ್ತ ಇರಬಾರದು. ಯಾರು ಹತ್ತಿರ ಇದ್ದಾರೋ ಅವರು ಅದರ ನೋವು ಮುಗಿಸಬೇಕು, ಯಾರನ್ನೂ ಕಾಯಬಾರದು. ಪಪ್ಪ ಮೊಲದ ಹಿಂಗಾಲು ಹಿಡಿದು ಎತ್ತಿ, ಅಂಗೈಯ ಅಂಚಿನಿಂದ ಕಿವಿಯ ಹಿಂದೆ ಒಂದೇ ಪೆಟ್ಟು ಕೊಟ್ಟರು. ಮುಗಿಯಿತು. ಮೊಲವನ್ನು ಮೇಲೆತ್ತಿ ತೋರಿಸುತ್ತ ನಮ್ಮ ಕಡೆ ನೋಡಿ ನಕ್ಕರು.

ಬೇರೆ ಯಾರೂ ನಗಲಿಲ್ಲ. ಮುಬಾರಕ್ ಕೈಯಲ್ಲಿ ಬಿಚ್ಚಿದ ಚೂರಿ ಹಿಡಿದು ಅರ್ಧ ದಾರಿಯಲ್ಲೇ ನಿಂತುಬಿಟ್ಟ. ನೂರಾ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ನಾಯಿ ಹಿಡಿದಾಗಲೇ ಮೊಲ ಸತ್ತಿದ್ದರೆ ಅಡ್ಡಿಯಿರಲಿಲ್ಲವಂತೆ, ನಾಯಿಯನ್ನು ಬಿಡುವಾಗಲೇ ದೇವರ ಹೆಸರು ಹೇಳಿರುತ್ತಾರೆ. ಜೀವ ಇದ್ದರೆ ಮಾತ್ರ ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯಬೇಕು. ಬಡಿದು ಕೊಂದ ಮೊಲ ಅವರಿಗೆ ಸಲ್ಲುವುದಿಲ್ಲ. ಇಡೀ ಚಳಿಗಾಲ ಕಾದ ಒಂದು ಮೊಲವನ್ನು ನಮ್ಮ ಪಪ್ಪ ಕರುಣೆಯಿಂದ ಹಾಳು ಮಾಡಿದ್ದರು.

ಗುಡಾರದಲ್ಲಿ ಹಸನಬ್ಬ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಎಂತ ಮಾಡಿದ್ದು ಮಾರಾಯ್ರೇ ನೀವು! ಒಂದು ನಿಮಿಷ ನಿಲ್ಲಲಿಕ್ಕೆ ಆಗ್ಲಿಲ್ವಾ?"

"ನಿಲ್ಲುವುದು ಹೇಗೆ ಹಸನಬ್ಬ? ಅದಕ್ಕೆ ನೋವಾಗ್ತದಲ್ಲ" ಎಂದರು ಪಪ್ಪ. ಅವರಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

ಅಬು ಮುಬಾರಕ್ ಮಾತ್ರ ಬೇಸರ ತೋರಿಸಲಿಲ್ಲ. ಕುಳಿತಲ್ಲಿಂದಲೇ ಹಸನಬ್ಬನನ್ನು ಕರೆದು, ಬೇರೆ ಪಾತ್ರೆಯಲ್ಲಿ ಬೇಯಿಸಿ ಅತಿಥಿಗೆ ಬಡಿಸು ಎಂದರು. ಇವರ ಧರ್ಮದಲ್ಲಿ ಅಡ್ಡಿಯಿಲ್ಲವಲ್ಲ, ಜೀವ ಕೊಟ್ಟ ಪ್ರಾಣಿಯನ್ನು ಎಸೆಯುವುದು ಬೇಡ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದರು. ಇದನ್ನು ವಲ್ಲಿ ಹೇಳಿದಾಗ ಪಪ್ಪನ ಮುಖ ಇನ್ನಷ್ಟು ಸಣ್ಣದಾಯಿತು.

"ಇವತ್ತು ಶುಕ್ರವಾರ" ಎಂದರು ಮೆಲ್ಲಗೆ.

ನಾವೆಲ್ಲ ಮರೆತಿದ್ದೆವು. ಈಸ್ಟರಿನ ಮೊದಲಿನ ತಪಸ್ಸುಕಾಲ ಶುರುವಾಗಿತ್ತು. ಆ ದಿನಗಳ ಶುಕ್ರವಾರ ನಾವು ಮಾಂಸ ಮುಟ್ಟುವಂತಿಲ್ಲ. ಪಪ್ಪ ಜ್ವರದಲ್ಲೂ ಅದನ್ನು ಮುರಿದವರಲ್ಲ. ವಲ್ಲಿ ತಡವರಿಸುತ್ತ ಅರಬ್ಬಿಯಲ್ಲಿ ವಿವರಿಸಿದ. ಮುದುಕರು ಮೊಲವನ್ನು ನೋಡಿದರು, ಪಪ್ಪನನ್ನು ನೋಡಿದರು, ಮತ್ತೆ ಮೊಲವನ್ನು ನೋಡಿದರು. ಅವರಿಗೆ ಕೊಂದ ರೀತಿ ಅಡ್ಡ ಬಂತು, ನಮಗೆ ಕೊಂದ ವಾರ ಅಡ್ಡ ಬಂತು. "ಹಾಗಾದರೆ ದೇವರು ಇದನ್ನು ನಾಯಿಗೆಂದೇ ಬರೆದಿದ್ದಾನೆ" ಎಂದು ಹೇಳಿ ಅವರು ನಕ್ಕ ನಗುವಿಗೆ ಮುಬಾರಕನೂ ಹೊಟ್ಟೆ ಹಿಡಿದುಕೊಂಡ. ಮುದುಕರು ತಾವೇ ತುಂಡು ತುಂಡಾಗಿ ಬರ್ಕಿನ ಬಾಯಿಗೆ ಹಾಕಿದರು. ಧರ್ಮದ ತೊಡಕಿಲ್ಲದ ಆ ಪ್ರಾಣಿ ಒಂದೂ ಬಿಡದೆ ತಿಂದಿತು.

ನೂರಾ ನಗಲಿಲ್ಲ. "ನಗುತ್ತಾರೆ. ಆದರೆ ತಿನ್ನುವುದಿಲ್ಲ" ಎಂದಳು.

ಅದೇ ಮಧ್ಯಾಹ್ನ

ಬಿಸಿಲು ಏರಿದ ಮೇಲೆ ಮುಬಾರಕ್ ಧಬ್ ಹಿಡಿಯಲು ಹೋದ. ಅದು ನಮ್ಮ ಉಡದ ದೂರದ ನೆಂಟ, ದಪ್ಪ ಬಾಲದ ತುಂಬ ಮುಳ್ಳು. ಚಳಿಯಲ್ಲಿ ಬಿಲದೊಳಗೆ ಮಲಗಿದ್ದು ಆಗಷ್ಟೇ ಹೊರಬರುವ ಕಾಲ. ಬಿಲಕ್ಕೆ ನೀರು ಹೊಯ್ದು ಕಾದರೆ, ನಿದ್ದೆಗೆಟ್ಟ ಮುಖ ಮಾಡಿಕೊಂಡು ಮೇಲೆ ಬರುತ್ತದೆ. ಹಸನಬ್ಬ ಅದನ್ನು ಬೇಯಿಸಿ ಅನ್ನದ ಮೇಲೆ ಇಟ್ಟ. ಬಾಲವೇ ಬಹಳ ರುಚಿ, ಅದು ಅತಿಥಿಗೆ ಎಂದು ಪಪ್ಪನ ಎದುರು ಬಂತು. ಪಪ್ಪ ಆಸೆಯಿಂದ ನೋಡಿ ನನ್ನನ್ನು ಅಡುಗೆ ಗುಡಾರದ ಹಿಂದೆ ಕರೆದರು.

"ಇದು ಮಾಂಸದ ಲೆಕ್ಕವಾ, ಮೀನಿನ ಲೆಕ್ಕವಾ?"

"ಕಾಲಿರುವ ಮೀನನ್ನು ನಾನು ನೋಡಿಲ್ಲ ಪಪ್ಪಾ."

"ಪಾದ್ರಿಗಳು ಹತ್ತಿರ ಇದ್ದಿದ್ದರೆ ಕೇಳಬಹುದಿತ್ತು" ಎಂದು ನಿಟ್ಟುಸಿರು ಬಿಟ್ಟರು. ಆಗ ನಾನು ನೂರಾ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ತೀರಿಕೊಂಡ ಹೆಂಡತಿ, ತುತ್ತು ಬಿಟ್ಟ ಮುದುಕರು, ನಾಯಿ ಹಿಡಿದ ಮೊಲ, ನಾಳೆ ಬರುವ ಲಾರಿ. ಪಪ್ಪ ಮಂಕಿಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದನ್ನು ನಿನ್ನೆಯೇ ಹೇಳ್ಬಾರದಿತ್ತಾ ನೀನು? ನಾನೆಂತ ಮಾಡಿ ಬಿಟ್ಟೆ" ಎಂದರು. ಅವರ ಕಣ್ಣು ತುಂಬಿತ್ತು. ಕೋಣದಷ್ಟು ದೊಡ್ಡ ಹಂದಿ ಎದುರು ಬಂದಾಗಲೂ ಹೆದರಲಿಲ್ಲ ಎಂದು ಹೇಳಿಕೊಳ್ಳುವ ಮನುಷ್ಯನನ್ನು ಹಾಗೆ ನೋಡಿ ನನಗೆ ಬಹಳ ಪ್ರೀತಿ ಬಂತು.

ಒಳಗೆ ಹೋಗಿ ನೋಡಿದರೆ ಇಬ್ಬರು ಮುದುಕರೂ ಅಕ್ಕಪಕ್ಕ ಕುಳಿತು ಖರ್ಜೂರ, ರೊಟ್ಟಿ ತಿನ್ನುತ್ತಿದ್ದರು. ಒಬ್ಬರಿಗೆ ವ್ರತ, ಒಬ್ಬರಿಗೆ ದುಃಖ. ಪಪ್ಪ ವಲ್ಲಿಯ ತೋಳು ಹಿಡಿದು ಹೇಳಿದರು: "ನಿನ್ನ ಸಾಹೇಬನಿಗೆ ಹೇಳು, ನಾಳೆ ಬೆಳಿಗ್ಗೆ ಇನ್ನೊಮ್ಮೆ ಹೋಗುವ. ಲಾರಿ ಬರುವ ಮೊದಲು."

"ನಾಳೆ ಆಫೀಸು ಉಂಟು ಪಪ್ಪಾ" ಎಂದ ವಲ್ಲಿ, ನಾಲಿಗೆ ಕಚ್ಚಿಕೊಳ್ಳುತ್ತ ಎರಡು ಮಾತನ್ನೂ ಅರಬ್ಬಿಗೆ ತಿರುಗಿಸಿದ.

"ಯಾರ ಆಫೀಸು?" ಎಂದು ಕೇಳಿದ ಮುಬಾರಕ್. "ಯಲ್ಲಾ, ಹೋಗೋಣ."

ಶನಿವಾರ

ಬೆಳಗಿನಿಂದ ಅಲೆದದ್ದೇ ಬಂತು. ಮೊಲ ಇರಲಿ, ಮೊಲದ ಹಿಕ್ಕೆಯೂ ಕಾಣಲಿಲ್ಲ. ಬಿಸಿಲು ಏರಿತು, ಬರ್ಕ್ ನಾಲಿಗೆ ಇಳಿಬಿಟ್ಟು ಗಾಡಿಯಲ್ಲಿ ಮಲಗಿತು. ಮುಬಾರಕ್ ಗಡಿಯಾರ ನೋಡಿ ವಾಪಸು ತಿರುಗಿಸಿದ. ನೂರಾ ಹಿಂಬಾಲಿಸಿದಳು. ದೂರದಲ್ಲಿ ಗುಡಾರ, ಅದರ ಪಕ್ಕದಲ್ಲಿ ಆಗಲೇ ಬಂದು ನಿಂತ ಲಾರಿ ಕಾಣುತ್ತಿತ್ತು.

ಆಗ ಪಪ್ಪನ ಕೈ ಕಿಟಕಿಯಿಂದ ಹೊರಗೆ ಬಂತು. ಒಂದು ಕುರುಚಲಿನತ್ತ ಬೆರಳು ತೋರಿಸಿದರು. ಮುಬಾರಕ್ ಗಾಡಿ ನಿಧಾನಿಸಿದ. ನನ್ನ ಕಣ್ಣಿಗೆ ಅಲ್ಲಿ ಕಲ್ಲೊಂದೇ ಕಂಡದ್ದು. ಆ ಕಲ್ಲು ಎದ್ದು ಓಡಿತು.

ಅಬು ಮುಬಾರಕ್ ದೇವರ ಹೆಸರು ಹೇಳಿ ನಾಯಿಯನ್ನು ಬಿಟ್ಟರು. ಈ ಮೊಲ ಘಾಟಿಯದು. ನಾಯಿ ಮೈಮೇಲೆ ಬೀಳುವ ಗಳಿಗೆಗೆ ಸರಿಯಾಗಿ ತಿರುಗುತ್ತಿತ್ತು, ನಾಯಿ ಮುಂದಕ್ಕೆ ಜಾರಿ ಹೋಗುತ್ತಿತ್ತು. ನೂರಾ ಗಾಡಿ ನಿಲ್ಲಿಸಿ ಬಾಗಿಲು ತೆರೆದು ನಿಂತು ಕೂಗುತ್ತಿದ್ದಳು. ನಾನೂ ಕೂಗುತ್ತಿದ್ದೆ, ಕೊಂಕಣಿಯೋ ಕನ್ನಡವೋ ನೆನಪಿಲ್ಲ. ಕೊನೆಗೆ ಮೊಲ, ಗಾಡಿಯಿಂದ ಇಳಿದು ನಿಂತಿದ್ದ ಪಪ್ಪನ ಕಡೆಗೇ ತಿರುಗಿತು. ಬರ್ಕ್ ಅದನ್ನು ಕೆಡವಿತು. ಪಪ್ಪ ಹೋಗಿ ಮೊಲದ ಹಿಂಗಾಲು ಹಿಡಿದರು.

"ಪಪ್ಪಾ, ಬೇಡಾ!" ಎಂದು ಚೀರಿದೆ.

ಚೀರುವ ಅಗತ್ಯವಿರಲಿಲ್ಲ. ಅವರು ಮೊಲವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಮುಬಾರಕ್ ಚೂರಿ ಹಿಡಿದು ಓಡಿದಾಗ ತಂದೆ ಕೈಯೆತ್ತಿ ತಡೆದರು. ತಾವೇ ಬರುತ್ತೇನೆ ಎಂದರು. ಕೋಲೂರಿ, ಚೂಪುಗಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಮಗ ತೋಳು ಕೊಟ್ಟರೂ ಹಿಡಿಯಲಿಲ್ಲ. ಮೊಲ ಒದೆಯುತ್ತಿತ್ತು. ಪಪ್ಪನ ಮಣಿಕಟ್ಟಿನಲ್ಲಿ ರಕ್ತ ಇಳಿಯುತ್ತಿದ್ದದ್ದು ನನಗೆ ಅಲ್ಲಿಂದಲೇ ಕಂಡಿತು. ಪ್ರಾಣಿಯನ್ನು ನೋವಿನಲ್ಲಿ ಕಾಯಿಸುವುದಕ್ಕಿಂತ ದೊಡ್ಡ ಪಾಪ ಪಪ್ಪನ ಬೇಟೆಯಲ್ಲಿ ಇಲ್ಲ. ಅವರು ಕಣ್ಣು ಮುಚ್ಚಿಕೊಂಡು, "ಸ್ವಲ್ಪ ತಡಿ ಮಾರಾಯ, ಬಂದರು, ಬಂದರು" ಎಂದು ಮೊಲಕ್ಕೆ ಕೊಂಕಣಿಯಲ್ಲಿ ಸಮಾಧಾನ ಹೇಳುತ್ತಿದ್ದರಂತೆ. ವಲ್ಲಿ ಇದನ್ನು ಹೇಳುವಾಗ ನಗಲು ಹೋಗಿ ನಗಲಾರದೆ ಬಿಟ್ಟ.

ಅಬು ಮುಬಾರಕ್ ಬಂದು ಪಪ್ಪನ ಕೈಯ ಮೇಲೆ ತಮ್ಮ ಕೈಯಿಟ್ಟರು. ಬಿಸ್ಮಿಲ್ಲಾ ಎಂದರು. ನಾನು ಮುಖ ತಿರುಗಿಸಿದೆ.

ಗುಡಾರದಲ್ಲಿ ನೂರಾ ಹಸನಬ್ಬನನ್ನು ಒಲೆಯ ಬಳಿ ಬರಗೊಡಲಿಲ್ಲ. ಅತ್ತೆ ಮಾಡುತ್ತಿದ್ದಂತೆ ಒಣಗಿದ ಕರಿ ನಿಂಬೆ ಒಡೆದು ಹಾಕಿ, ತಾನೇ ಬೇಯಿಸಿದಳು. ತೆಳ್ಳಗಿನ ರೊಟ್ಟಿಯನ್ನು ಹರಿದು ಹರಿವಾಣದಲ್ಲಿ ಹಾಸಿ, ಮೇಲೆ ರಸ ಸುರಿದು, ತುಂಡುಗಳನ್ನು ಜೋಡಿಸಿದಳು. ಅಡುಗೆ ಹೇಗೆ ಬಂದಿದೆಯೆಂದು ರುಚಿ ನೋಡಲಿಕ್ಕೂ ಅವಳಿಗೆ ಧೈರ್ಯವಿರಲಿಲ್ಲ. ಲಾರಿಯವರು ಆಚೆಯ ಗುಡಾರಗಳ ಹಗ್ಗ ಬಿಚ್ಚುತ್ತಿದ್ದರು. ಹಸನಬ್ಬ ಹರಿವಾಣ ಎತ್ತಿಕೊಂಡು ಹೋದ.

ನಾವಿಬ್ಬರೂ ಅಡುಗೆ ಗುಡಾರದಲ್ಲಿ ಕಂಬಳಿಯ ಮೇಲೆ ಕುಳಿತೆವು. ನೂರಾ ನನ್ನ ಕೈ ಹಿಡಿದುಕೊಂಡಿದ್ದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಸಣ್ಣದಾಗಿ ಜಗಳದಂತೆ ಕೇಳಿತು. ಹಸನಬ್ಬ ಪರದೆಯ ಸಂದಿನಿಂದ ನೋಡಿ ನೋಡಿ ಬಂದು ವರದಿ ಒಪ್ಪಿಸತೊಡಗಿದ. ಮುದುಕರು ತೊಡೆಯ ತುಂಡನ್ನು ಅತಿಥಿಯ ಎದುರು ಇಟ್ಟರಂತೆ. ಪಪ್ಪ ಅದನ್ನು ಅವರ ಎದುರಿಗೆ ತಳ್ಳಿದರಂತೆ. ಅವರು ಮತ್ತೆ ಇತ್ತ ತಳ್ಳಿದರಂತೆ. ಅತಿಥಿ ತಿನ್ನದೆ ಮನೆಯವರು ತಿನ್ನುವಂತಿಲ್ಲ ಎಂದು ಅವರು. ಬೇಟೆಯಲ್ಲಿ ಪಾಲು ಹಂಚದೆ ಬಾಯಿಗೆ ಹಾಕುವಂತಿಲ್ಲ ಎಂದು ಇವರು. ತೊಡೆಯ ತುಂಡು ಹರಿವಾಣದಲ್ಲಿ ಅಲೆಯುತ್ತಿತ್ತು.

"ಈಗ ನಿಮ್ಮ ತಂದೆ ಅದನ್ನು ಎರಡು ಮಾಡಿದ್ರು" ಎಂದ ಹಸನಬ್ಬ. "ಒಂದು ನಮ್ಮ ಯಜಮಾನರ ಕೈಗೇ ಕೊಟ್ರು. ಇನ್ನೊಂದು ತಾವೇ ಹಿಡ್ಕೊಂಡಿದ್ದಾರೆ. ಇಬ್ರೂ ಒಬ್ಬರ ಮುಖ ಒಬ್ರು ನೋಡ್ತಿದ್ದಾರೆ. ಇನ್ನೂ ತಿಂದಿಲ್ಲ."

ಆಮೇಲೆ ಅವನು ಪರದೆಗೆ ಅಂಟಿಕೊಂಡೇ ನಿಂತ. ಹೊರಗೆ ಲಾರಿಯವರು ಗೂಟ ಕೀಳುತ್ತಿದ್ದರು. ನೂರಾಳ ಹಿಡಿತಕ್ಕೆ ನನ್ನ ಬೆರಳುಗಳು ನೋಯತೊಡಗಿದ್ದವು. ಎಷ್ಟೋ ಹೊತ್ತಾದ ಮೇಲೆ ಪರದೆಯ ಆಚೆಯಿಂದ ಅಬು ಮುಬಾರಕರ ದನಿ ಕೇಳಿತು. ಸಿಟ್ಟಿನ ದನಿ, ಒಂದೇ ಉಸಿರಿಗೆ ಉದ್ದ ಮಾತು.

"ಏನಾಯಿತು? ಏನನ್ನುತ್ತಿದ್ದಾರೆ?" ಎಂದು ಕೇಳಿದೆ.

ನೂರಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಬೈಯುತ್ತಿದ್ದಾರೆ" ಎಂದಳು ಕೊನೆಗೆ. "ನಿಂಬೆ ಸಾಲದಂತೆ. ಉಪ್ಪು ಹೆಚ್ಚಾಯಿತಂತೆ. ಇಷ್ಟು ಚೂರು ರೊಟ್ಟಿ ಕಳಿಸಿದರೆ ಇಬ್ಬರು ಗಂಡಸರು ಏನು ತಿನ್ನಬೇಕು ಎಂದು ಕೇಳುತ್ತಿದ್ದಾರೆ."

ಹಸನಬ್ಬ ರೊಟ್ಟಿಯ ಕಟ್ಟಿಗೆ ಕೈ ಹಾಕಿದ. ನೂರಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಬಂದೆ ಮಾವಾ ಬಂದೆ ಎನ್ನುತ್ತ ಬಿಸಿಲಿಗೆ ಓಡಿದಳು.